ಗ್ರಾಫ್ ತಾತನ ಒಂದೇ ಪ್ರಶ್ನೆ

ಅವರ ಎಡಗೆನ್ನೆಯ ಮೇಲೆ ಕಣ್ಣಿನ ತುದಿಯಿಂದ ಬಾಯಿಯ ಮೂಲೆಯವರೆಗೆ ಒಂದು ಆಳವಾದ ಮಡಿಕೆ ಇತ್ತು. ಬಲಗೆನ್ನೆ ಮಾತ್ರ ಅರವತ್ತರ ವಯಸ್ಸಿನಲ್ಲೂ ನುಣ್ಣಗಿತ್ತು. ದಿನಾ ಬೆಳಿಗ್ಗೆ ಗಡ್ಡ ತೆಗೆದರೂ ಆ ಮಡಿಕೆಯೊಳಗೆ ಬ್ಲೇಡು ಇಳಿಯದೆ, ಅಲ್ಲೊಂದು ಬಿಳಿ ಕೂದಲಿನ ಗೆರೆ ಯಾವಾಗಲೂ ಉಳಿದುಬಿಡುತ್ತಿತ್ತು. ಮೊದಲ ಸಲ ನೋಡಿದಾಗ ಯಾವುದೋ ಹಳೆಯ ಗಾಯ ಇರಬೇಕು ಅಂದುಕೊಂಡೆ. ಗಾಯವಲ್ಲ, ಅದು ಕಸುಬಿನ ಗುರುತು. ನಲವತ್ತು ವರ್ಷ ಅವರು ಕಣ್ಣೆದುರು ಬಂದದ್ದನ್ನೆಲ್ಲ ಎಡಗಣ್ಣು ಮುಚ್ಚಿ, ಬಲಗಣ್ಣು ಅರ್ಧ ತೆರೆದು ನೋಡಿದ್ದರು. ಹೆಂಡತಿ ಬಡಿಸಿದ ಎಲೆಯನ್ನೂ ಹಾಗೇ ನೋಡುತ್ತಿದ್ದರು. ಹಾಗೆ ನೋಡಿ ನೋಡಿ ಮುಖದ ಒಂದು ಪಕ್ಕ ಮಾತ್ರ ಮುದಿಯಾಗಿತ್ತು.

ಬೀದಿಯವರೆಲ್ಲ ಅವರನ್ನು ಗ್ರಾಫ್ ತಾತ ಅನ್ನುತ್ತಿದ್ದರು. ತಮಿಳುನಾಡಿನ ಮೆಟ್ಟುಪಾಳ್ಯದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ ನಮ್ಮ ನೇಕಾರರ ಊರು. ಬೀದಿಯ ಎರಡೂ ಕಡೆ ಮನೆಗಳು, ಮನೆಗೊಂದೋ ಎರಡೋ ಮಗ್ಗ, ಬೆಳಗಾದರೆ ಸಾಕು ಟಕ್ಕು ಟಕ್ಕು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ತಾತ ನೇಯುತ್ತಿರಲಿಲ್ಲ. ನೇಯುವವರಿಗೆ ಡಿಸೈನ್ ಬರೆದುಕೊಡುತ್ತಿದ್ದರು. ಸಣ್ಣ ಸಣ್ಣ ಚೌಕಗಳ ಗ್ರಾಫ್ ಹಾಳೆಯ ಮೇಲೆ ಹೂವನ್ನೋ ಹಂಸವನ್ನೋ ಮೊದಲು ಪೆನ್ಸಿಲಿನಲ್ಲಿ ಎಳೆದು, ಆಮೇಲೆ ಒಂದೊಂದೇ ಚೌಕವನ್ನು ಬಣ್ಣದ ಇಂಕಿನಲ್ಲಿ ತುಂಬುವ ಕೆಲಸ ಅದು. ಒಂದು ಚೌಕ ಅಂದರೆ ಒಂದು ಎಳೆ. ಚೌಕ ತುಂಬಿದ್ದರೆ ಮಗ್ಗಕ್ಕೆ ಕಟ್ಟುವ ರಟ್ಟಿನ ಪಟ್ಟಿಯಲ್ಲಿ ಅಲ್ಲೊಂದು ತೂತು ಬೀಳುತ್ತದೆ. ತೂತು ಇದ್ದ ಕಡೆ ಮಗ್ಗದ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನೆ ಮಲಗಿರುತ್ತದೆ. ಸೀರೆಯ ಮೇಲಿನ ನವಿಲೆಲ್ಲ ಹೀಗೆ ಏಳುವ ಮಲಗುವ ಎಳೆಗಳ ಲೆಕ್ಕವಷ್ಟೇ. ಮುಂದೆ ಎಷ್ಟೋ ವರ್ಷಕ್ಕೆ ನನ್ನ ಮುಂದೆ ಒಂದು ಕಂಪ್ಯೂಟರ್ ತಂದಿಟ್ಟು, ಇದರಲ್ಲಿ ಚಿತ್ರವೆಲ್ಲ ಚುಕ್ಕಿ ಚುಕ್ಕಿಯಾಗಿ ಇರುತ್ತದೆ ಎಂದು ಒಬ್ಬ ಹುಡುಗ ವಿವರಿಸತೊಡಗಿದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ಆ ಚುಕ್ಕಿಗಳನ್ನು ಬೆರಳಿನಲ್ಲಿ ತುಂಬಿದವಳು.

ನಾನು ಹುಟ್ಟಿದ್ದು ಕುನ್ನತ್ತೂರಿನ ಕಡೆ. ಎಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಈ ಬೀದಿಗೆ ಸೊಸೆಯಾಗಿ ಬಂದೆ. ಗಂಡ ಮಗ್ಗದಲ್ಲಿ ಕೂತರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ನನ್ನ ಪಾಲಿನ ಕೆಲಸ. ರಾಟೆ ತಿರುಗಿಸುವುದು ನನಗೆ ಸ್ವಲ್ಪವೂ ಸೇರುತ್ತಿರಲಿಲ್ಲ, ಅದನ್ನು ಈಗಲಾದರೂ ಹೇಳಿಬಿಡುತ್ತೇನೆ. ನನ್ನ ಜಂಬವೆಲ್ಲ ಇದ್ದದ್ದು ಬಾಗಿಲ ಮುಂದಿನ ಕೋಲದಲ್ಲಿ. ತವರಿನಲ್ಲಿ ನನ್ನ ರಂಗೋಲಿ ನೋಡಲೆಂದೇ ಪಕ್ಕದ ಬೀದಿಯವರು ಬರುತ್ತಿದ್ದರು. ಹೊಸ ಊರಲ್ಲೂ ಹೆಸರು ಮಾಡಬೇಕಲ್ಲ, ಧನುರ್ಮಾಸದ ಒಂದು ಮಾರ್ಗಳಿ ಬೆಳಿಗ್ಗೆ ಇಪ್ಪತ್ತೊಂದು ಚುಕ್ಕಿಯಿಟ್ಟು ನಾಲ್ಕು ಹಂಸ, ಎಂಟು ತಾವರೆ, ಸುತ್ತ ಬಳ್ಳಿ, ಬಳ್ಳಿಗೆ ಗಿಳಿ, ಮೂಲೆಗೆ ದೀಪ ಎಂದು ಬಾಗಿಲ ಮುಂದಿನ ಇಡೀ ವಾಸಲು ತುಂಬಿಸಿದೆ. ಹಾಲು ತರಲು ಹೊರಟಿದ್ದ ಗ್ರಾಫ್ ತಾತ ಅದರ ಮುಂದೆ ನಿಂತರು. ಎಡಗಣ್ಣು ಮುಚ್ಚಿದರು. ಹೊಗಳುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡೆ.

"ಅಮ್ಮಿಣಿ, ಎಲ್ಲಾ ಸೆಂದಾಗೈತೆ. ಇದ್ರಾಗೆ ನಾನು ಎಲ್ಲಿ ನೋಡ್ಲಿ?" ಅಂದರು.

ಮಗಳೇ ಅನ್ನುವ ಹಾಗೆ ಅಮ್ಮಿಣಿ ಎಂದು ಕರೆದರೂ ನನಗೆ ಉರಿದುಹೋಯಿತು. ಎಲ್ಲಿ ನೋಡಬೇಕು ಅಂದರೇನು, ಎಲ್ಲ ಕಡೆಯೂ ನೋಡಿ! ಹೊಸ ಸೊಸೆ, ಬಾಯಿ ಬಿಡುವ ಹಾಗಿಲ್ಲ. ಮಾರನೆಯ ಬೆಳಿಗ್ಗೆ ಸೇಡು ತೀರಿಸಿಕೊಳ್ಳೋಣ ಅಂತ ಇಡೀ ವಾಸಲು ಸಗಣಿ ಸಾರಿಸಿ ಖಾಲಿ ಬಿಟ್ಟು, ಬಾಗಿಲಿಗೆ ಸ್ವಲ್ಪ ಓರೆಯಾಗಿ ಅಂಗೈಯಗಲದ ಒಂದು ಸಣ್ಣ ಕೋಲವೆಳೆದು ನಡುವೆ ಒಂದೇ ಒಂದು ಕೆಂಪು ದಾಸವಾಳ ಇಟ್ಟೆ. ಈಗ ನೋಡಿ, ಎಲ್ಲಿ ನೋಡಲಿ ಅಂತ ಕೇಳಿ ಎಂದು ಬಾಗಿಲ ಸಂದಿಯಿಂದ ಕಾದೆ. ತಾತ ಬಂದರು, ನಿಂತರು. ಕಣ್ಣು ಮುಚ್ಚಲೇ ಇಲ್ಲ. ಹಾಲಿನ ತಂಬಿಗೆ ಕೆಳಗಿಟ್ಟು ನೆಟ್ಟಗೆ ಒಳಗೆ ಬಂದು, ನಮ್ಮ ಮಾವನವರನ್ನು ಕೂಗಿ, "ನಿನ್ ಸೊಸೇನ ನನ್ ಅತ್ರ ಗ್ರಾಫ್ ತುಂಬಕ್ಕೆ ಕಳಿಸ್ತೀಯಾ?" ಅಂದರು. ನನ್ನ ಸೇಡು ಹೀಗೆ ತಿರುಗಿಕೊಂಡಿತು.

ಮಾವನವರು ಒಪ್ಪಲು ಒಂದು ತಿಂಗಳು ಹಿಡಿಯಿತು. "ಪೊಂಬಳೆ ಗ್ರಾಫ್ ಆಕೋದಾ? ನಮ್ ಬೀದೀಲಿ ಎಲ್ಲಾರ ಐತಾ?" ಹೆಂಗಸು ಗ್ರಾಫ್ ಹಾಕುವುದುಂಟೇ ಎನ್ನುವುದೊಂದೇ ಅವರ ಮಾತು. ಹೆಂಗಸರು ನೂಲು ಸುತ್ತಬಹುದು, ಬಣ್ಣ ಹಾಕಬಹುದು, ಗಂಜಿ ಬಳಿಯಬಹುದು, ಆದರೆ ಏನು ನೇಯಬೇಕು ಎಂದು ಕಾಗದದ ಮೇಲೆ ಹೇಳುವುದು ಗಂಡಸರ ಕೆಲಸ. ಕೊನೆಗೆ ಅಡುಗೆ ಮುಗಿಸಿ ಮಧ್ಯಾಹ್ನ ಎರಡೇ ಎರಡು ಗಂಟೆ ಹೊತ್ತು ಹೋಗಿ ಬರಬಹುದು, ಚೌಕ ತುಂಬಬಹುದು ಅಷ್ಟೇ ಎಂದರು. ನಾನು ಓಡಿಕೊಂಡೇ ಹೋದೆ.

ತಾತ ನೆಲದ ಮೇಲೆ ಕಾಲು ಚಾಚಿ, ತೊಡೆಯ ಮೇಲೊಂದು ಇಳಿಜಾರಿನ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಪೆನ್ಸಿಲನ್ನು ಗಡ್ಡದ ಹಳೆ ಬ್ಲೇಡಿನಲ್ಲಿ ಹೆರೆಯುತ್ತಿದ್ದರು. ವ್ಯಾಪಾರಿಗಳ ಜೊತೆ ತಮಿಳಿನಲ್ಲಿ ಎಷ್ಟೇ ಮಾತಾಡಲಿ, ಚೌಕ ಎಣಿಸುವುದು ಮಾತ್ರ ಕನ್ನಡದಲ್ಲಿ. ಆ ಎಣಿಕೆಯ ನಡುವೆ ಯಾರಾದರೂ ಕರೆದರೆ ಉತ್ತರವಾಗಿ ಸಂಖ್ಯೆಯನ್ನೇ ಜೋರಾಗಿ ಹೇಳುತ್ತಿದ್ದರು. "ಊಟಕ್ಕೆ ಬನ್ನಿ" ಅಂದರೆ "ಮುನ್ನೂರಾ ಹನ್ನೊಂದು!" ಅವರಿಗಾಗಲಿ ನನಗಾಗಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಓದಿದ್ದೆಲ್ಲ ತಮಿಳು. ನಾನು ಈ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಮೈಸೂರಿನಲ್ಲಿರುವ ಮೊಮ್ಮಗಳ ಒಂದನೇ ಕ್ಲಾಸಿನ ಪುಸ್ತಕದಲ್ಲಿ. ಆ ಮಗು ನನ್ನ ತಲಕಟ್ಟು ತಿದ್ದುವಾಗ ನನಗೆ ತಾತನ ನೆನಪೇ ಬರುತ್ತಿತ್ತು.

ಅವರದ್ದೊಂದು ಪರೀಕ್ಷೆ ಇತ್ತು. ಹಾಳೆ ಒಂದು ಹದಕ್ಕೆ ಬಂದ ಮೇಲೆ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆಯುತ್ತಿದ್ದರು. ಸೊಪ್ಪು ಮಾರುವವಳು, ಪೋಸ್ಟ್‌ಮ್ಯಾನ್, ಬಸ್ಸಿಗೆ ಕಾದಿರುವ ಯಾರೋ. ಹಾಳೆಯನ್ನು ಒಂದು ಉಸಿರಿನಷ್ಟು ಹೊತ್ತು ತೋರಿಸಿ ಪಟ್ಟನೆ ಬೋರಲು ಹಾಕಿ ತಮಿಳಿನಲ್ಲಿ ಕೇಳುತ್ತಿದ್ದರು: "ಮೊದಲ್ಲ ಎನ್ನ ತೆರಿಂಜುದು?" ಮೊದಲು ಏನು ಕಂಡಿತು, ಅಷ್ಟೇ. ಎರಡನೆಯದು ಹೇಳಲು ಹೊರಟರೆ "ಪೋದುಂ, ಪೋದುಂ" ಎಂದು ಅಷ್ಟಕ್ಕೇ ಸಾಕುಮಾಡಿ ಕಳಿಸಿಬಿಡುತ್ತಿದ್ದರು. ಸೊಪ್ಪಿನವಳು ಹಂಸದ ಕೊಕ್ಕು ಅಂದರೆ, ಪೋಸ್ಟ್‌ಮ್ಯಾನ್ ತಾವರೆ ಅಂದರೆ, ಮೂರನೆಯವನು ಅಂಚು ಅಂದರೆ ಆ ಗ್ರಾಫ್ ಕೆಟ್ಟಿತು ಅಂತ ಅರ್ಥ. ನೇಕಾರರನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ. "ನಮ್ಮೋರು ನೂಲು ನೋಡ್ತಾರೆ, ಸೀರೆ ನೋಡಲ್ಲ" ಎನ್ನುತ್ತಿದ್ದರು.

ಸೆರಗನ್ನು ನಮ್ಮ ಕಡೆ ಮುಂದಿ ಎನ್ನುತ್ತೇವೆ. ಮುಂದಿಯ ಗ್ರಾಫಿಗೆ ಪರೀಕ್ಷೆ ಇನ್ನೂ ಒಂದು ಕೈ ಮೇಲೆ. ಹಾಳೆಯನ್ನು ಹೆಂಡತಿಯ ಹೆಗಲಿಗೆ ಪಿನ್ ಹಾಕಿ ಬೆನ್ನ ಮೇಲೆ ಇಳಿಬಿಟ್ಟು ಅವರನ್ನು ಕೊಳಾಯಿಗೆ ನೀರಿಗೆ ಕಳಿಸುತ್ತಿದ್ದರು. ಹಿಂದಿನಿಂದ ತಾವು ಹೋಗಿ ನೀರಿಗೆ ಬಂದ ಹೆಂಗಸರನ್ನು ಮೊದಲು ಏನು ಕಂಡಿತು ಎಂದು ಕೇಳುವುದು. "ಸೀರೆ ಗೋಡೆ ಮೇಲೆ ತೂಗಾಕಕ್ಕೆ ಅಲ್ಲ ಅಮ್ಮಿಣಿ. ಎಂಗಸಿನ ಬೆನ್ನ ಮೇಲೆ ಅದು ನಡೀಬೇಕು" ಎಂದು ನನಗೆ ಹೇಳುತ್ತಿದ್ದರು. ಅಜ್ಜಿ ಬೈದುಕೊಂಡೇ ಬೆನ್ನು ಕೊಡುತ್ತಿದ್ದರು. "ಈ ಮನ್ಸನಿಗೆ ಮದುವೆ ಆಗಿ ನಲವತ್ತು ವರ್ಸ, ನನ್ ಮೊಗ ಎಂಗೈತೆ ಅಂತ ಕೇಳು, ಯೋಳಕ್ಕೆ ಬರಲ್ಲ" ಅನ್ನುತ್ತಿದ್ದರು. ತಾತ ಅದನ್ನು ಕೇಳಿಸಿಕೊಂಡರೂ "ಇನ್ನೂರಾ ನಾಲ್ಕು" ಎಂದು ಎಣಿಕೆ ಮುಂದುವರಿಸುತ್ತಿದ್ದರು.

ನಾನು ಅವರಿಂದ ಕಲಿತದ್ದೆಲ್ಲ ಹೀಗೆ, ಕೆಲಸ ಕೆಟ್ಟಾಗ ಕಲಿತದ್ದು. ಒಮ್ಮೆ ಅಂಚಿನ ಹತ್ತಿರ ಒಂದು ಗಿಳಿಯನ್ನು ಹೊರಕ್ಕೆ ಮುಖ ಮಾಡಿ ಬರೆದಿದ್ದೆ. "ಇವಳು ನೋಡಿದ ಕಡೆ ನಾನೂ ನೋಡ್ತೀನಿ. ಇವಳು ಸೀರೆ ಬಿಟ್ಟು ಬೀದಿ ನೋಡ್ತಾವ್ಳೆ, ಅಪ್ಪುರಂ ನಾನೂ ಬೀದಿಗೇ ಓಗ್ತೀನಿ" ಎಂದು ಅದರ ತಲೆ ಒಳಕ್ಕೆ ತಿರುಗಿಸಿದರು. ಇನ್ನೊಮ್ಮೆ ದೊಡ್ಡ ತಾವರೆ ಕಾಣಲಿಲ್ಲ ಎಂದು ಅದನ್ನು ಇನ್ನೂ ದೊಡ್ಡದು ಮಾಡಲು ಹೊರಟಾಗ ನನ್ನ ಕೈ ಹಿಡಿದರು. "ಅದನ್ನ ಬೆಳಸ್ಬೇಡ. ಅದರ ಪಕ್ಕದೋರನ್ನ ಸುಮ್ನಿರಿಸು." ಸುತ್ತಲಿನ ನಾಲ್ಕು ಹೂ ಅಳಿಸಿದ್ದೇ ತಡ, ಅದೇ ತಾವರೆ ಎದ್ದು ಕೂತಿತು. ಒಂದು ಸಲವಂತೂ ಪೋಸ್ಟ್‌ಮ್ಯಾನ್ ಹೇಳಿದ ಒಂದು ಮಾತಿಗೆ ನನ್ನ ಮೂರು ದಿನದ ಕೆಲಸವನ್ನು ಮಡಚಿ ಒಲೆಯ ಪಕ್ಕ ಇಟ್ಟರು. ನಾನು ಅಲ್ಲೇ ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಹೊಸ ಹಾಳೆ ಕೊಟ್ಟರು. ಆ ಹೊತ್ತಿಗೆ ಅವರ ಮೇಲೆ ಬಂದ ಕೋಪ ನೆನಪಿದೆ. ಅಷ್ಟು ಗೌರವದಿಂದ ನನ್ನನ್ನು ಅದುವರೆಗೆ ಯಾರೂ ನಡೆಸಿಕೊಂಡಿರಲಿಲ್ಲ ಎಂದು ಹೊಳೆದದ್ದು ಬಹಳ ಆಮೇಲೆ.

ಮೂರನೆಯ ವರ್ಷ ನಮ್ಮ ಮನೆಗೆ ಅಮ್ಮನ ಸೀರೆಯ ಸರದಿ ಬಂತು. ಚೌಡೇಶ್ವರಿ ಅಮ್ಮ ನಮ್ಮ ಜನರ ಮನೆದೇವರು. ವರ್ಷಕ್ಕೊಮ್ಮೆ ಅವಳ ಹಬ್ಬಕ್ಕೆ ಒಂದೊಂದು ಮನೆಯ ಮಗ್ಗದಿಂದ ಹೊಸ ಸೀರೆ ಹೋಗಬೇಕು. ಅದನ್ನು ನೇಯುವಷ್ಟು ದಿನವೂ ನೇಯುವವನು ತಲೆಗೆ ಸ್ನಾನ ಮಾಡಿಯೇ ಮಗ್ಗದಲ್ಲಿ ಕೂರಬೇಕು, ಆ ನೂಲನ್ನು ಯಾರೂ ದಾಟಬಾರದು. ಗ್ರಾಫ್ ಬರೆಯುವುದು ಯಾವತ್ತೂ ತಾತನೇ. ಆ ವರ್ಷ ಅವರು ನಮ್ಮ ಮನೆಯ ಜಗಲಿಯಲ್ಲಿ ಕೂತು, "ಈ ವರ್ಸ ಅಮ್ಮಿಣಿ ಆಕ್ಲಿ. ನಾನು ಪಕ್ಕ ಇರ್ತೀನಿ" ಎಂದುಬಿಟ್ಟರು.

ಮಾವನವರ ಮುಖ ಕಪ್ಪಿಟ್ಟಿತು. ಹಿರಿಯರ ಮಾತು ತೆಗೆದುಹಾಕುವಂತಿಲ್ಲ. ತಾತ ಹೋದ ಮೇಲೆ ನನ್ನನ್ನು ಕರೆದು, "ನೋಡಮ್ಮ, ಇದು ಅಮ್ಮನ ಕೆಲ್ಸ. ಊರ್ ಮುಂದೆ ನಿಲ್ಲೋ ಕೆಲ್ಸ. ಇದ್ರಲ್ಲಿ ಏನಾರಾ ತಪ್ಪು ಬಂತು ಅಂದ್ರೆ, ಅಪ್ಪುರಂ ಗ್ರಾಫ್ ಮಾತು ಈ ಮನೇಲಿ ಇರಬಾರ್ದು. ರಾಟೆ ಮುಂದೆ ಕೂತ್ಕೋಬೇಕು" ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ನನಗೂ ಹೆದರಿಕೆಯೇ. ಮಧ್ಯಾಹ್ನದ ಆ ಎರಡು ಗಂಟೆ ನನ್ನ ಕೈ ತಪ್ಪಿದರೆ ನಾನು ಏನಾಗುತ್ತೇನೆ ಎಂದು ಯೋಚಿಸಲೂ ಆಗುತ್ತಿರಲಿಲ್ಲ.

ಹೆದರಿಕೆಯಲ್ಲಿ ನಾನು ಮೊದಲು ಬರೆದದ್ದು ಮತ್ತೆ ಆ ಮೊದಲ ಕೋಲದಂಥದ್ದೇ. ಆನೆ, ಹಂಸ, ಗೋಪುರ, ದೀಪ, ಒಂದನ್ನೂ ಬಿಡಲಿಲ್ಲ. ತಾತ ಎಡಗಣ್ಣು ಮುಚ್ಚಿ ನೋಡಿ ರಬ್ಬರು ನನ್ನ ಕಡೆ ದೂಡಿದರು. ಅಳಿಸುತ್ತಾ ಹೋದೆ. ಹತ್ತು ದಿನದ ಕೊನೆಗೆ ಉಳಿದದ್ದು ಅರಿಶಿನ ಬಣ್ಣದ ಬರಿಯ ಮೈ, ಬೆರಳಗಲದ ಅಂಚು, ಮುಂದಿಯಲ್ಲಿ ಮಾತ್ರ ಒಂದು ನವಿಲು. ಕತ್ತು ಹಿಂದಕ್ಕೆ ತಿರುಗಿಸಿ ನೋಡುವ ಹಸಿರು ನವಿಲು. ಸುತ್ತಲಿನ ಸಣ್ಣ ಬಳ್ಳಿಗಳೆಲ್ಲ ಅದರ ಕಡೆಗೇ ಬಾಗಿದ್ದವು. ಇಡೀ ಸೀರೆಯಲ್ಲಿ ಕೆಂಪು ಇದ್ದದ್ದು ಒಂದೇ ಕಡೆ, ಅದರ ಕಣ್ಣಿನಲ್ಲಿ. ಹಾಳೆಯನ್ನು ಅಜ್ಜಿಯ ಬೆನ್ನಿಗೆ ಹಾಕಿ ಕೊಳಾಯಿಗೆ ಕಳಿಸಿದೆವು. ಕೇಳಿದ ಹನ್ನೆರಡು ಮಂದಿಯೂ "ನವಿಲ್ ಕಣ್ಣು" ಅಂದರು. ಹನ್ನೆರಡಕ್ಕೆ ಹನ್ನೆರಡು ಹಿಂದೆಂದೂ ಬಂದಿರಲಿಲ್ಲ. ತಾತ ಆ ದಿನ ನನಗೆ ತಮ್ಮ ಲೋಟದಿಂದ ಅರ್ಧ ಕಾಫಿ ಸುರಿದು ಕೊಟ್ಟರು. ಅದೇ ಅವರ ಶಾಭಾಸ್.

ನನ್ನ ಗಂಡ ದಿನಾ ತಣ್ಣೀರು ಸುರಿದುಕೊಂಡು ನೇಯ್ದರು. ಕೆಂಪು ಕಣ್ಣು ಬಂದ ದಿನ ಅದಕ್ಕೆಂದೇ ಒಂದು ಪುಟ್ಟ ಕಂಡಿಕೆ ಸುತ್ತಿಕೊಟ್ಟೆ. ನನ್ನ ಜನ್ಮದಲ್ಲಿ ಖುಷಿಯಿಂದ ಸುತ್ತಿದ ಕಂಡಿಕೆ ಅದೊಂದೇ.

ಹಬ್ಬದ ಬೆಳಿಗ್ಗೆ ಗುಡಿಯ ಮುಂದೆ ಬೀದಿಯೇ ನೆರೆದಿತ್ತು. ಪರದೆಯ ಹಿಂದೆ ಪೂಜಾರಿ ಅಲಂಕಾರ ಮಾಡುತ್ತಿದ್ದರು. ಮಾವನವರು ಹೊಸ ವೇಷ್ಟಿಯುಟ್ಟು ಮುಂದಿನ ಸಾಲಿನಲ್ಲಿದ್ದರು. ಪರದೆ ಸರಿಯಿತು, ಮಂಗಳಾರತಿ ಎದ್ದಿತು. ನಾನು ನವಿಲನ್ನು ಹುಡುಕಿದೆ. ಇಲ್ಲ. ಇನ್ನೊಮ್ಮೆ ಹುಡುಕಿದೆ. ಅರಿಶಿನದ ನೆರಿಗೆ, ತೆಳ್ಳಗಿನ ಅಂಚು, ಬರಿಯ ಮೈ. ಆಗ ಗೊತ್ತಾಯಿತು. ಪೂಜಾರಿ ಯಾವಾಗಲೂ ಮಾಡುವ ಹಾಗೆ ಮುಂದಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟಿದ್ದಾರೆ. ಅಮ್ಮ ನಿಂತಿರುವುದು ಗೋಡೆಗೆ ಬೆನ್ನು ಕೊಟ್ಟು. ನನ್ನ ನವಿಲು, ಅದರ ಕೆಂಪು ಕಣ್ಣು, ಅದರ ಕಡೆಗೆ ಬಾಗಿದ ಬಳ್ಳಿಗಳು ಎಲ್ಲವೂ ಕಲ್ಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿವೆ. ಹಿಂದಿನ ವರ್ಷಗಳ ಸೀರೆಯಲ್ಲಿ ಮೈತುಂಬ ಜರಿ ಹೂ ಇರುತ್ತಿದ್ದವು, ಆದ್ದರಿಂದ ಮುಂದಿ ಎಲ್ಲಿಗೆ ಹೋಯಿತು ಎಂದು ಯಾರೂ ಯೋಚಿಸುವ ಅಗತ್ಯ ಬಿದ್ದಿರಲಿಲ್ಲ. ಅಜ್ಜಿಯ ಬೆನ್ನನ್ನು ಊರೆಲ್ಲ ಮೆರೆಸಿದ ನಾವಿಬ್ಬರೂ ಅಮ್ಮನ ಬೆನ್ನು ಯಾರಿಗೂ ಕಾಣುವುದಿಲ್ಲ ಅನ್ನುವುದನ್ನು ಮರೆತಿದ್ದೆವು.

ಹಿಂದಿನಿಂದ ಗುಸುಗುಸು ಶುರುವಾಯಿತು. "ಏನಿದು, ಡಿಸೈನೇ ಇಲ್ವಲ್ಲ?" "ಅಮ್ಮನಿಗೆ ಬರೇ ಸೀರೆ ಉಡ್ಸವ್ರಾ?" ಗುಡಿಯ ಹಿರಿಯರೊಬ್ಬರು ತಿರುಗಿ ಮಾವನವರನ್ನು ನೋಡಿದರು. ಮಾವನವರು ನನ್ನ ಕಡೆ ನೋಡಲಿಲ್ಲ, ನೆಲ ನೋಡಿದರು. ನನಗೆ ರಾಟೆಯ ಸದ್ದು ಆಗಲೇ ಕಿವಿಗೆ ಬೀಳುತ್ತಿತ್ತು.

ತಾತ ಎಡಗಣ್ಣು ಮುಚ್ಚಿ ಅಮ್ಮನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಜನರ ಕಡೆ ತಿರುಗಿದರು. "ತಪ್ಪು ನನ್ದು. ನಲವತ್ತು ವರ್ಸ ಎಂಗಸರ ಬೆನ್ನಿಗೆ ಗ್ರಾಫ್ ಆಕಿದೋನು ನಾನು. ಅಮ್ಮ ಗೋಡೆಗೆ ಬೆನ್ ಕೊಟ್ಟು ನಿಂತಾವ್ಳೆ ಅಂತ ಮರ್ತೋದೆ. ಈ ಅಮ್ಮಿಣಿ ಆಕಿದ್ದೆಲ್ಲ ನಾನು ಯೋಳಿದಂಗೆ. ಕೈ ಅವಳ್ದು, ಮರೆವು ನನ್ದು" ಎಂದರು. ಅವರ ದನಿ ಎಷ್ಟು ಸಾದಾ ಆಗಿತ್ತೆಂದರೆ, ಚೌಕದ ಲೆಕ್ಕ ಹೇಳಿದ ಹಾಗೇ ಇತ್ತು. ಊರಿನ ಮುಂದೆ ಯಾರೇ ಆಗಲಿ ತನ್ನ ತಪ್ಪನ್ನು ಹಾಗೆ ಎತ್ತಿ ಹಿಡಿದು ತೋರಿಸಿದ್ದನ್ನು ನಾನು ಕಂಡಿರಲಿಲ್ಲ, ಅದೂ ಅರ್ಧ ನನ್ನ ಪಾಲಿನದಾಗಿದ್ದ ತಪ್ಪನ್ನು.

ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಬೀದಿಯ ಒಬ್ಬ ಹಣ್ಣು ಮುದುಕಿ ಕೋಲೂರಿಕೊಂಡು ತಡವಾಗಿ ಬಂದರು. ಜನ ದಾರಿ ಬಿಟ್ಟರು. ಅವರು ಅಮ್ಮನ ಮುಂದೆ ನಿಂತು ಕೈ ಮುಗಿದರು, ಹಾಗೇ ನಿಂತುಬಿಟ್ಟರು. ತಾತನಿಗೆ ಅಭ್ಯಾಸಬಲ. ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದೇ.

"ಅಕ್ಕಾ, ಮೊದಲು ಏನ್ ಕಾಣ್ತು?"

"ಇದೇನು ಕೇಳ್ತೀಯಪ್ಪ" ಎಂದರು ಮುದುಕಿ. "ಅಮ್ಮನ್ ಮೊಗ. ಈ ವರ್ಸ ಮೊಗ ಎಷ್ಟ್ ದೊಡ್ದಾಗಿ ಕಾಣ್ತೈತೆ! ನನ್ ಕಣ್ಣಿಗೂ ಕಾಣ್ತೈತೆ. ಏನು, ಮೊಗ ಒಸದಾಗಿ ಮಾಡಿಸಿದ್ರಾ?"

ಎಲ್ಲರೂ ಇನ್ನೊಮ್ಮೆ ಒಳಗೆ ನೋಡಿದರು. ನಾನೂ ನೋಡಿದೆ, ಈ ಸಲ ನವಿಲನ್ನು ಹುಡುಕದೆ. ಹಿತ್ತಾಳೆಯ ಮುಖ, ದೊಡ್ಡ ಕಣ್ಣುಗಳು, ಹಣೆಯ ಕುಂಕುಮ. ಅರಿಶಿನದ ಬರಿಯ ಸೀರೆ ಸುಮ್ಮನಿತ್ತು, ಮುಖ ಮಾತಾಡುತ್ತಿತ್ತು. ಪ್ರತಿವರ್ಷ ನಾವು ನೇಕಾರರು ಅಲ್ಲಿ ನಿಂತು ಸೀರೆಯನ್ನೇ ನೋಡಿ ಬರುತ್ತಿದ್ದೆವು. ಯಾರ ಜರಿ, ಯಾರ ಅಂಚು, ಎಷ್ಟು ಹೂ ಎಂದು ಮನೆಗೆ ಬಂದು ಮಾತಾಡುತ್ತಿದ್ದೆವು. ಅಮ್ಮನ ಮುಖ ಹೇಗಿತ್ತು ಎಂದು ಯಾರೂ ಹೇಳಿದ ನೆನಪಿಲ್ಲ. ನನಗೆ ಅಲ್ಲೇ ಕಣ್ಣು ತುಂಬಿತು, ಭಕ್ತಿಗೋ ಬದುಕಿಕೊಂಡೆ ಎಂಬ ಸಮಾಧಾನಕ್ಕೋ ಈಗಲೂ ತಿಳಿಯದು.

ಹಿರಿಯರ ಮುಖ ಸಡಿಲವಾಯಿತು. "ಓ, ನೀವು ಬೇಕೂಂತಲೇ ಅಂಗೆ ಆಕಿದ್ರಾ? ಮೊಗ ಕಾಣ್ಲಿ ಅಂತಾನಾ?" ಎಂದು ತಾತನನ್ನು ಕೇಳಿದರು. ಹೌದು ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಊರೆಲ್ಲ ಅವರ ಜಾಣ್ಮೆ ಹಾಡಿಕೊಳ್ಳುತ್ತಿತ್ತು. ತಾತ ತಲೆಯಾಡಿಸಿದರು. "ಇಲ್ಲಪ್ಪ. ಜಾಣತನ ಅಲ್ಲ, ಮರೆವೇ. ಅಮ್ಮ ಸರಿ ಮಾಡ್ಕೊಂಡ್ಲು." ನನ್ನ ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ, "ನನ್ ಬೆನ್ನು ಬಿಟ್ಟು ಒಂದು ದಿನ ಆದ್ರೂ ಮೊಗ ನೋಡಿದ್ರಲ್ಲ" ಅಂದರು. ಹೆಂಗಸರ ಸಾಲಿನಲ್ಲಿ ನಗು ಎದ್ದಿತು.

ಮನೆಗೆ ಬಂದು ಮಾವನವರು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಾ, ನನ್ನ ಕಡೆ ನೋಡದೆ, "ನಾಳೆ ಗ್ರಾಫ್‌ಗೆ ಓಗ್ಬೇಕಾದ್ರೆ ಸಾರು ಮುಂಚೇನೇ ಮಾಡಿಟ್ಟು ಓಗು. ತಡ ಆದ್ರೆ ಆಗ್ಲಿ" ಎಂದರು. ಎರಡು ಗಂಟೆಯ ಗಡುವು ಅಂದಿಗೆ ಮುಗಿಯಿತು.

ಮಾರನೆಯ ದಿನ ನಾನು ಹೋದಾಗ ತಾತ ಹಲಗೆ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದರು. "ಆ ನವಿಲನ್ನ ಯಾರಾರಾ ನೋಡಿದ್ರಾ?" ಎಂದು ಕೇಳಿದರು. ಉಡಿಸುವಾಗ ಪೂಜಾರಿ ನೋಡಿರಬೇಕು ಅಂದೆ. "ಗೋಡೆ ನೋಡ್ತು" ಎಂದು ಅವರು ನಗತೊಡಗಿದರು. ಅವರು ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ. ನಗು ನಿಂತ ಮೇಲೆ ಬಿಳಿಯ ಹಾಳೆಯೊಂದನ್ನು ಎಳೆದುಕೊಂಡು, ಪೆನ್ಸಿಲ್ ಮುಟ್ಟುವ ಮುನ್ನ, "ಇದನ್ನ ಯಾರು ಉಡ್ತಾರೆ? ಎಲ್ಲಿ ನಿಂತ್ಕೋತಾರೆ?" ಎಂದು ಕೇಳಿದರು. ಅದುವರೆಗೆ ಅವರಿಗಿದ್ದದ್ದು ಒಂದೇ ಪ್ರಶ್ನೆ, ಕೆಲಸ ಮುಗಿದ ಮೇಲೆ ಕೇಳುವಂಥದ್ದು. ಅರವತ್ತು ದಾಟಿದ ಮೇಲೆ ಕೆಲಸಕ್ಕೆ ಮೊದಲು ಕೇಳುವ ಪ್ರಶ್ನೆಯೊಂದನ್ನು ಸೇರಿಸಿಕೊಂಡರು. ಅದನ್ನು ನಾನು ಕಲಿಸಿದ್ದು ಅನ್ನುವ ಹಾಗೆ ನನ್ನ ಮುಖ ನೋಡಿ ಉತ್ತರಕ್ಕೆ ಕಾಯುತ್ತಿದ್ದರು. ಅವರನ್ನು ನಾನು ಅತಿ ಹೆಚ್ಚು ಮೆಚ್ಚುವುದು ಆ ಕಾಯುವಿಕೆಗೆ.

ಈಗ ನಾನು ಗಾಜಿನ ಪರದೆಯ ಮೇಲೆ ಚಿತ್ರ ಬರೆಯುತ್ತೇನೆ. ಸೀರೆಗೂ ಬರೆಯುತ್ತೇನೆ, ಮಕ್ಕಳ ಪುಸ್ತಕಕ್ಕೂ ಬರೆಯುತ್ತೇನೆ. ಲಕ್ಷ ಬಣ್ಣ, ಹೊಳಪು, ನೆರಳು, ಬೇಕೆಂದದ್ದೆಲ್ಲ ಬೆರಳ ತುದಿಯಲ್ಲಿ. ಬೇಡವೆನ್ನಲು ಮಾತ್ರ ಅದರಲ್ಲಿ ಯಾವ ಗುಂಡಿಯೂ ಇಲ್ಲ. ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರು ಇಡೀ ಪರದೆ ತುಂಬಿಸಿ ತಂದು ತೋರಿಸುತ್ತಾರೆ. ನಾನು ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ, ಎಲ್ಲಿ ನೋಡಲಿ ಎಂದು ಕೇಳುತ್ತೇನೆ. ಅವರ ಮುಖ ಕೆಂಪಾಗುವುದನ್ನು ಕಂಡಾಗ ಆ ಮಾರ್ಗಳಿ ಬೆಳಿಗ್ಗೆ ನೆನಪಾಗಿ ಒಳಗೊಳಗೇ ನಗು ಬರುತ್ತದೆ. ರೇಗಿಕೊಂಡು ಮನೆಗೆ ಹೋದವಳು ಮತ್ತೆ ಬಂದರೆ, ಅವಳಿಗೆ ಅರ್ಧ ಕಾಫಿ ಸುರಿದು ಕೊಡುತ್ತೇನೆ.

ತಾತ ಹೋದದ್ದು ಎಂಬತ್ತರ ದಶಕ ಮುಗಿಯುವ ಮುನ್ನ. ಹಲಗೆ ತೊಡೆಯ ಮೇಲಿದ್ದ ಹಾಗೇ ಒಂದು ಮಧ್ಯಾಹ್ನ ಎಣಿಕೆ ನಿಂತಿತಂತೆ. ನಾನು ಆಗ ಕುನ್ನತ್ತೂರಿನಲ್ಲಿ ತವರುಮನೆಯಲ್ಲಿದ್ದೆ. ಸುದ್ದಿ ಬಂದು ನಾನು ಬಸ್ಸು ಬದಲಿಸಿ ಬದಲಿಸಿ ಊರು ಮುಟ್ಟುವ ಹೊತ್ತಿಗೆ ಅವರನ್ನು ಜಗಲಿಯ ಬೆಂಚಿನ ಮೇಲೆ ಮಲಗಿಸಿದ್ದರು. ನಮ್ಮಲ್ಲಿ ನೆಂಟರಿಷ್ಟರು ಬಂದವರೆಲ್ಲ ಸತ್ತವರ ಮೇಲೆ ಹೊಸ ಬಟ್ಟೆ ಹೊದಿಸುತ್ತಾರೆ. ನೇಕಾರರ ಬೀದಿ, ಬಟ್ಟೆಗೇನು ಬರ. ಜರಿಯಂಚಿನ ವೇಷ್ಟಿ, ಕೆಂಪು ಪಟ್ಟೆವಸ್ತ್ರ, ಹಸಿರು ಶಲ್ಯ, ಅದರ ಮೇಲೆ ಗುಲಾಬಿ, ಸಂಪಿಗೆ, ಚೆಂಡುಹೂವಿನ ದಪ್ಪ ದಪ್ಪ ಮಾಲೆಗಳು ಗದ್ದದವರೆಗೆ, ಕೆನ್ನೆಯವರೆಗೆ ಏರಿದ್ದವು. ಮುಖವೇ ಕಾಣುತ್ತಿರಲಿಲ್ಲ. ಎಲ್ಲ ಪ್ರೀತಿಯಿಂದಲೇ ಹಾಕಿದ್ದು, ಆದರೂ ನನಗೆ ತಡೆಯಲಾಗಲಿಲ್ಲ.

ನಾನು ಹತ್ತಿರ ಹೋಗಿ ಚೆಂಡುಹೂವಿನ ಮಾಲೆಗಳನ್ನು ಒಂದೊಂದಾಗಿ ಕಾಲಿನ ಕಡೆ ಸರಿಸತೊಡಗಿದೆ. ಕೆಂಪು ಪಟ್ಟೆಯನ್ನು ಎದೆಯಿಂದ ಕೆಳಕ್ಕೆ ಎಳೆದೆ. ಯಾರೋ ಹಿಂದಿನಿಂದ, "ಏ, ಆಕಿದ ಮಾಲೆ ತೆಗೀಬಾರ್ದು" ಎಂದು ಗದರಿದರು. ತಲೆಯ ಬಳಿ ಕೂತಿದ್ದ ಅಜ್ಜಿ ಅತ್ತು ಬಾತ ಕಣ್ಣೆತ್ತಿ, "ಬಿಡಿ. ಅವಳಿಗೆ ಗೊತ್ತು" ಎಂದರು. ಆಮೇಲೆ ತಾವೇ ಕೈ ಚಾಚಿ ಕೊನೆಯ ಸಂಪಿಗೆ ಸರವನ್ನು ಕೆನ್ನೆಯಿಂದ ಸರಿಸಿದರು.

ಎಡಗೆನ್ನೆ ಕಂಡಿತು. ಆ ಮಡಿಕೆ, ಅದರೊಳಗೆ ಆ ಬೆಳಿಗ್ಗೆಯೂ ಬ್ಲೇಡಿಗೆ ಸಿಗದೆ ಉಳಿದ ಬಿಳಿ ಗೆರೆ. ನಾನು ಬಾಗಿಲ ಪಕ್ಕಕ್ಕೆ ಹೋಗಿ ನಿಂತು, ಆಮೇಲೆ ಬಂದ ಒಬ್ಬೊಬ್ಬರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಎಲ್ಲರದೂ ಅಲ್ಲಿಗೇ ಹೋಯಿತು.